ನಾನೂ ನೋಡಿದೆ

ವಿಲ್ಬರ್ಟನ್‌ಗೆ ಯಾರಾದರೂ ಹೊಸಬರು ಬಂದರೆ ಊರಿನವರು ಕೇಳುವ ಪ್ರಶ್ನೆ ಒಂದೇ: ನಿಲ್ಲುತ್ತಾನಾ? ಕೆಲಸ ಬರುತ್ತದಾ, ಕುಡಿಯುತ್ತಾನಾ, ಚರ್ಚಿಗೆ ಹೋಗುತ್ತಾನಾ, ಇವೆಲ್ಲ ಆಮೇಲಿನ ಮಾತು. ಮ್ಯಾನಿಟೋಬಾದ ಆ ಬಯಲಿನಲ್ಲಿ ಹುಟ್ಟಿದ ಮಕ್ಕಳೇ ನಿಲ್ಲದೆ ವಿನಿಪೆಗ್‌ಗೋ ಕ್ಯಾಲ್ಗರಿಗೋ ಓಡಿಹೋಗಿ, ಶಾಲೆಯ ಒಂದೊಂದೇ ತರಗತಿಗೆ ಬೀಗ ಬೀಳತೊಡಗಿದ ಮೇಲೆ ಆ ಒಂದು ಮಾತೇ ಊರಿಗೆ ಜಪವಾಗಿಬಿಟ್ಟಿತ್ತು. ಕಸುಬು ಬಲ್ಲ ಹೊರದೇಶದವನಿಗೆ ಊರಿನಲ್ಲೊಂದು ಕೆಲಸವಿದ್ದು, ‘ಇವನು ನಮಗೆ ಬೇಕು, ಇವನು ನಿಲ್ಲುತ್ತಾನೆ’ ಎಂದು ಊರೇ ಶಿಫಾರಸು ಮಾಡಿದರೆ ಸರ್ಕಾರ ಅವನಿಗೆ ಕಾಯಂ ಆಗಿ ನೆಲೆಸುವ ಹಕ್ಕು ಕೊಡುತ್ತಿತ್ತು; ಹೆಂಡತಿ ಮಕ್ಕಳನ್ನೂ ಕರೆಸಿಕೊಳ್ಳಬಹುದಿತ್ತು. ವರ್ಷಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಬೇರೆ. ಹಾಗಾಗಿ ಯಾರು ನಿಲ್ಲುವವರು, ಯಾರು ಹಾರುವವರು ಎಂದು ಜಾಲಿಸಿ ನೋಡಲು ಒಂದು ಸಮಿತಿ.

ಸಮಿತಿಯವರೆಲ್ಲ ಅಲ್ಲೇ ಹುಟ್ಟಿ ಬೆಳೆದವರು, ಕ್ರಿಸಾಂತಾ ಆಗ್ಬಯಾನಿ ಒಬ್ಬಳನ್ನು ಬಿಟ್ಟು. ಅವಳು ಫಿಲಿಪೀನ್ಸಿನ ಇಲೋಕೋಸ್ ಕಡೆಯವಳು. ಊರಿನ ವೃದ್ಧಾಶ್ರಮದಲ್ಲಿ ಅಡುಗೆಮನೆಯ ಯಜಮಾನಿಕೆ ಅವಳದು. ಹದಿನೈದು ವರ್ಷದ ಹಿಂದೆ ಆ ಊರಿಗೆ ಕಾಲಿಟ್ಟ ಮೊದಲ ಫಿಲಿಪಿನೋ ಅವಳೇ. ಈಗ ಭಾನುವಾರದ ಪೂಜೆಗೆ ಅರ್ಧ ಚರ್ಚು ಅವಳ ಜನವೇ ತುಂಬಿರುತ್ತದೆ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಬಿಳಿಯರು ಅವಳನ್ನು ಕ್ರಿಸ್ ಎನ್ನುತ್ತಿದ್ದರು, ಅವಳ ಜನ ಮನಾಂಗ್, ಅಂದರೆ ಅಕ್ಕ, ಎನ್ನುತ್ತಿದ್ದರು. ಎರಡು ದೋಣಿಯ ಮೇಲೆ ಕಾಲಿಟ್ಟವಳ ಪಾಡು ಅವಳದು. ಆದರೂ ಸಮಿತಿಯಲ್ಲಿ ಕೂರುವುದೆಂದರೆ ಅವಳಿಗೆ ಒಳಗೊಳಗೇ ಹೆಮ್ಮೆ. ಸಭೆಗೆ ಹೋಗುವಾಗ ಕಿವಿಗೆ ಮುತ್ತಿನ ಓಲೆ ಹಾಕಿಕೊಳ್ಳುತ್ತಿದ್ದಳು.

ಆ ಹೆಮ್ಮೆಗೆ ಮೊದಲ ಪೆಟ್ಟು ಕೊಟ್ಟವನು ಅವಳ ಸ್ವಂತ ಅಕ್ಕನ ಮಗ ಎಡ್ಸೆಲ್. ಊರಿನ ಬೇಕರಿಯಲ್ಲಿ ರೊಟ್ಟಿ ಸುಡುವ ಕೆಲಸಕ್ಕೆ ಬಂದವನು. ಅವನ ಹೆಸರು ಸಮಿತಿಯ ಮುಂದೆ ಬಂದಾಗ ಕ್ರಿಸಾಂತಾ ಎದೆ ತಟ್ಟಿ ಹೇಳಿದ್ದಳು: “ಇವನು ನನ್ನ ಕೈತುತ್ತು ತಿಂದು ಬೆಳೆದ ಹುಡುಗ. ಇವನು ಊರು ಬಿಟ್ಟರೆ ನನ್ನನ್ನ ಕೇಳಿ.” ಕಾಗದ ಕೈಗೆ ಬಂದ ವಾರವೇ ಎಡ್ಸೆಲ್ ಕ್ಯಾಲ್ಗರಿಯ ಬಸ್ಸು ಹತ್ತಿದ. ಚಿಕ್ಕಮ್ಮನಿಗೆ ಫೋನು ಮಾಡಿದ್ದು ಅಲ್ಲಿ ತಲುಪಿದ ಮೇಲೆ. ಬೇಕರಿಯಾಕೆ ತಿಂಗಳುಗಟ್ಟಲೆ ಅರ್ಧ ದಿನ ಬಾಗಿಲು ಮುಚ್ಚಿದಳು, ರೊಟ್ಟಿ ಕೊಳ್ಳಲು ಹೋದ ಕ್ರಿಸಾಂತಾಳಿಗೆ ಮಾತಿಲ್ಲದೆ ಚಿಲ್ಲರೆ ಎಣಿಸಿ ಕೊಟ್ಟಳು.

ಸಮಿತಿಯ ಅಧ್ಯಕ್ಷ ವೇಯ್ನ್ ಫ್ರೀಸೆನ್‌ಗೆ ಹಾರ್ಡ್‌ವೇರ್ ಅಂಗಡಿಯಿತ್ತು. ಮೊಳೆಗೂ ಮಾತಿಗೂ ಒಂದೇ ಸುತ್ತಿಗೆ ಬಳಸುವ ಮನುಷ್ಯ. ಕೆಟ್ಟವನಲ್ಲ. ಆದರೆ ಒಂದು ತಮಾಷೆ ಸಿಕ್ಕಿತೆಂದರೆ ಅದನ್ನು ಸವೆಯುವವರೆಗೂ ಬಿಡುತ್ತಿರಲಿಲ್ಲ. ಅವತ್ತಿನಿಂದ ಯಾವ ಫಿಲಿಪಿನೋ ಹೆಸರು ಮೇಜಿನ ಮೇಲೆ ಬಂದರೂ ಅವನು ಕನ್ನಡಕ ಜಾರಿಸಿ ಕೇಳುತ್ತಿದ್ದ: “ಕ್ರಿಸ್, ಇವನೂ ನಿನ್ನ ಅಕ್ಕನ ಮಗನೇನಾ?” ಎಲ್ಲರೂ ನಗುತ್ತಿದ್ದರು. ಕ್ರಿಸಾಂತಾ ಎಲ್ಲರಿಗಿಂತ ಮೊದಲು ನಗುತ್ತಿದ್ದಳು. ನಗುವಾಗ ಕಿವಿ ಕಾದ ಹಂಚಾಗುತ್ತಿತ್ತು. ಮನೆಗೆ ಬಂದು ಓಲೆ ಬಿಚ್ಚಿಡುವಾಗ, ಇನ್ನು ಯಾರ ಪರವಾಗಿಯೂ ಬಾಯಿ ಬಿಡುವುದಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಇಂಥ ಹೊತ್ತಿನಲ್ಲಿ ಎಲ್ಪಿಡಿಯೋ ಕಬನಿಲ್ಲಾನ ಸರದಿ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಹುಟ್ಟಿದ್ದೇ ಇಂಥವರಿಗಾಗಿ ಇರಬೇಕು.

ಎಲ್ಪಿಡಿಯೋ ಬೇಸಾಯದ ಯಂತ್ರಗಳ ಮೆಕ್ಯಾನಿಕ್. ಕೊಯ್ಲಿನ ಕಾಲದಲ್ಲಿ ಗೋಧಿ ಹೊಲದ ನಡುವೆ ಯಂತ್ರ ನಿಂತುಬಿಟ್ಟರೆ ರೈತರು ಅವನನ್ನೇ ಕರೆಯುತ್ತಿದ್ದರು. ಮಾತು ಕಡಿಮೆ, ಕೈ ಚುರುಕು. ಅವನ ಕೆಲಸದ ಪರವಾನಗಿ ಮುಂದಿನ ವಸಂತಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಊರಿನ ಶಿಫಾರಸು ಸಿಕ್ಕರೆ ಹೆಂಡತಿ ಜೊವಿತಾ ಮತ್ತು ಮಗಳು ಬರುತ್ತಾರೆ. ಸಿಗದಿದ್ದರೆ ಅವನೇ ಅವರ ಬಳಿಗೆ ಬರಿಗೈಯಲ್ಲಿ ವಾಪಸು. ಮಗಳಿಗೆ ಅಪ್ಪನೆಂದರೆ ಫೋನಿನೊಳಗಿನ ಮುಖ.

ಶಿಫಾರಸಿಗೆ ಮುಂಚೆ ಸಮಿತಿಯ ಇಬ್ಬರು ಅಭ್ಯರ್ಥಿಯ ಮನೆಗೆ ಟೀ ಕುಡಿಯಲು ಹೋಗುವುದು ಆ ಊರಿನ ಪದ್ಧತಿ. ಮನುಷ್ಯ ನಿಲ್ಲುವವನೋ ಅಲ್ಲವೋ ಎಂಬುದನ್ನು ಮನೆ ಹೇಳುತ್ತದೆ ಎಂದು ಅವರ ನಂಬಿಕೆ. ಅಕ್ಟೋಬರ್‌ನ ಒಂದು ಮಧ್ಯಾಹ್ನ ಕ್ರಿಸಾಂತಾ ಮತ್ತು ವರ್ನಾ ಹಿಲ್ಡೆಬ್ರಾಂಡ್ ಹೋದರು. ವರ್ನಾ ನಿವೃತ್ತ ಮೇಷ್ಟ್ರಮ್ಮ. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವಳು, ಸುಳ್ಳು ಹೇಳಿ ಗೊತ್ತಿಲ್ಲದವಳು. ಸುಳ್ಳು ಹೇಳದವರಿಗೆ ತಾವು ಕಂಡದ್ದೆಲ್ಲ ನಿಜ ಎಂಬ ಇನ್ನೊಂದು ಕಾಯಿಲೆ ಇರುತ್ತದೆ.

ಎಲ್ಪಿಡಿಯೋ ನೆಲಮಾಳಿಗೆಯ ಬಾಡಿಗೆ ಮನೆಯ ಬಾಗಿಲಲ್ಲೇ ಕಾಯುತ್ತಿದ್ದ. ಇಸ್ತ್ರಿಯಾದ ಅಂಗಿ, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸು.

“ಬನ್ನಿ ಮನಾಂಗ್. ಬನ್ನಿ ಮೇಡಂ. ಊಟ ಮಾಡಿ.”

“ಊಟಕ್ಕೆ ಬಂದಿಲ್ಲಪ್ಪಾ, ಟೀ ಸಾಕು,” ಎಂದಳು ವರ್ನಾ.

“ಟೀ ಜೊತೆ ಒಂಚೂರು ಪನ್ಸಿತ್ ಆದ್ರೂ ತಿನ್ನಿ. ಮನೆಗೆ ಬಂದೋರಿಗೆ ಬರೀ ಟೀ ಕೊಟ್ಟೆ ಅಂತ ಗೊತ್ತಾದ್ರೆ ನನ್ನ ಹೆಂಡತಿ ಅಲ್ಲಿಂದ್ಲೇ ಬೈತಾಳೆ.”

ತಟ್ಟೆ ತುಂಬ ಬಿಸಿ ಬಿಸಿ ಶ್ಯಾವಿಗೆ, ಮೇಲೆ ನಿಂಬೆ ಹೋಳು. ವರ್ನಾ ತಿಂದಳು, ಹೊಗಳಿದಳು, ಕಣ್ಣು ಮಾತ್ರ ಮನೆಯ ಸುತ್ತ ಓಡಾಡುತ್ತಿತ್ತು. ನೆಲದ ಮೇಲೊಂದು ಹಾಸಿಗೆ. ಎರಡು ಕುರ್ಚಿ, ಅವುಗಳಲ್ಲಿ ಅತಿಥಿಗಳು ಕೂತಿದ್ದರಿಂದ ಮನೆಯವನು ನಿಂತೇ ಇದ್ದ.

“ಗೋಡೆ ಎಲ್ಲ ಖಾಲಿ ಇದೆಯಲ್ಲಪ್ಪಾ. ಒಂದು ಚಿತ್ರನೂ ಇಲ್ಲ.”

“ಜೊವಿತಾ ಬಂದು ಹಾಕ್ಲಿ ಅಂತ ಬಿಟ್ಟಿದೀನಿ ಮೇಡಂ. ನಾನು ಮೊಳೆ ಹೊಡೆದ್ರೆ ಸೊಟ್ಟ ಅಂತಾಳೆ.”

ವರ್ನಾ ನಕ್ಕಳು. ಆಮೇಲೆ ಅವಳ ಕಣ್ಣು ಮೂಲೆಯಲ್ಲಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಬಿತ್ತು. ಸೊಂಟದೆತ್ತರದ ದೊಡ್ಡ ಪೆಟ್ಟಿಗೆ, ಬಾಯಿ ತೆರೆದಿತ್ತು. ಅರ್ಧದವರೆಗೆ ಮಡಿಸಿದ ಬಟ್ಟೆ, ಟವೆಲ್ಲು, ಮೇಲೊಂದು ಜೊತೆ ಗಂಡಸರ ಶೂ. ಪಕ್ಕದಲ್ಲಿ ಅಗಲ ಅಂಟುಪಟ್ಟಿಯ ಸುರುಳಿ. ವರ್ನಾಳ ಮುಖದ ನಗು ಮೆಲ್ಲಗೆ ಇಳಿಯಿತು. ಆದರೆ ಪರರ ಸಾಮಾನಿನ ಬಗ್ಗೆ ಕೇಳುವುದು ಅವಳು ಬೆಳೆದ ಮನೆಯಲ್ಲಿ ಅಸಭ್ಯ. ಕೇಳಲಿಲ್ಲ.

ಕಾರಿನಲ್ಲಿ ಕೂತ ಮೇಲೆ ಕೇಳಿದ್ದು ಕ್ರಿಸಾಂತಾಳನ್ನು.

“ಆ ಪೆಟ್ಟಿಗೆ ನೋಡಿದೆಯಾ ಕ್ರಿಸ್? ಬಟ್ಟೆ, ಶೂ, ಎಲ್ಲ ಅರ್ಧ ಕಟ್ಟಿ ಆಗಿದೆ. ಆ ಹುಡುಗ ಹೊರಡೋಕೆ ತಯಾರಾಗಿದಾನೆ ಅನ್ಸುತ್ತೆ. ಅಲ್ವಾ?”

ಕ್ರಿಸಾಂತಾಳಿಗೆ ಆ ಪೆಟ್ಟಿಗೆ ಏನೆಂದು ಗೊತ್ತಿರಲಿಲ್ಲವೆಂದರೆ ಮೀನಿಗೆ ನೀರು ಗೊತ್ತಿರಲಿಲ್ಲ ಎಂದ ಹಾಗೆ. ಹೊರದೇಶದಲ್ಲಿ ದುಡಿಯುವ ಯಾವ ಫಿಲಿಪಿನೋ ಮನೆಯಲ್ಲೂ ಅದು ಇರುತ್ತದೆ, ಊರಿಗೆ ಕಳಿಸುವ ಪೆಟ್ಟಿಗೆ. ಇಂದು ಒಂದು ಸೋಪು, ಬರುವ ವಾರ ಎರಡು ಡಬ್ಬಿ ಮಾಂಸ, ರಿಯಾಯಿತಿಯಲ್ಲಿ ಸಿಕ್ಕ ಟವೆಲ್ಲು, ತಮ್ಮನಿಗೆ ಶೂ, ಅತ್ತೆಗೆ ಸ್ವೆಟರು, ಮಕ್ಕಳಿಗೆ ಚಾಕೊಲೇಟು. ಹೀಗೆ ತಿಂಗಳುಗಟ್ಟಲೆ ತುಂಬಿಸಿ ಕ್ರಿಸ್‌ಮಸ್‌ಗೆ ತಲುಪುವ ಹಾಗೆ ಹಡಗಿಗೆ ಹಾಕುತ್ತಾರೆ. ತುಂಬುವ ಕೈ ಹೊರಡುವುದಿಲ್ಲ, ಪೆಟ್ಟಿಗೆ ಮಾತ್ರ ಹೊರಡುತ್ತದೆ. ಅಷ್ಟನ್ನು ಹೇಳಲು ಒಂದು ವಾಕ್ಯ ಸಾಕಿತ್ತು.

ಅವಳ ಸ್ವಂತ ಮನೆಯಲ್ಲೂ ಒಂದಿತ್ತು. ಮೆಟ್ಟಿಲ ಕೆಳಗೆ, ಹೂವಿನ ಹೊದಿಕೆ ಮುಚ್ಚಿ ಇಟ್ಟಿದ್ದಳು. ವರ್ನಾ ಮುಂತಾದವರು ಕಾಫಿಗೆ ಬಂದಾಗ ಕಣ್ಣಿಗೆ ಬೀಳಬಾರದೆಂದು. ಹದಿನೈದು ವರ್ಷ ಈ ಊರಿನ ಹಿಮ ಎತ್ತಿಹಾಕಿ, ಇವರ ಹಾಡು ಹಾಡಿ, ಇವರ ಸತ್ತವರಿಗೆ ಅಡುಗೆ ಮಾಡಿ ಸಂಪಾದಿಸಿದ ಒಂದು ಮಾತಿತ್ತು: “ನೀನು ನಮ್ಮವಳೇ ಬಿಡು ಕ್ರಿಸ್.” ಪೆಟ್ಟಿಗೆಯ ಕತೆ ಬಿಚ್ಚಿದರೆ, ಹಾಗಾದರೆ ನಿನ್ನ ಮನೆಯಲ್ಲೂ ಇದೆಯಾ, ನಿನ್ನ ಅರ್ಧ ಜೀವ ಇನ್ನೂ ಅಲ್ಲೇ ಇದೆಯಾ ಎಂದು ಕೇಳಿದರೆ? ಮೇಲಾಗಿ, ‘ಇಲ್ಲ, ಅವನು ನಿಲ್ಲುತ್ತಾನೆ’ ಎಂದು ಇವತ್ತು ಹೇಳಿ ನಾಳೆ ಅವನೂ ಎಡ್ಸೆಲ್‌ನಂತೆ ಬಸ್ಸು ಹತ್ತಿದರೆ, ವೇಯ್ನ್‌ನ ಆ ತಮಾಷೆ ತಾನು ಸಾಯುವವರೆಗೂ ಮುಗಿಯುವುದಿಲ್ಲ.

ಕೊಯ್ದು ಬೋಳಾದ ಹೊಲಗಳ ಕಡೆ ಮುಖ ತಿರುಗಿಸಿ ಅವಳು ಅಂದಳು: “ಯಾರ ಮನಸ್ಸಲ್ಲಿ ಏನಿದೆ ಯಾರಿಗೆ ಗೊತ್ತು.”

ಸಭೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ. ವರ್ನಾ ಕಂಡದ್ದನ್ನು ಕಂಡ ಹಾಗೆ ಹೇಳಿದಳು: ಗೋಡೆ ಖಾಲಿ, ಹಾಸಿಗೆ ನೆಲದ ಮೇಲೆ, ಮೂಲೆಯಲ್ಲಿ ಅರ್ಧ ಕಟ್ಟಿದ ಪೆಟ್ಟಿಗೆ. “ಹುಡುಗ ಒಳ್ಳೆಯವನು. ಆದ್ರೆ ಕಾಲು ಹೊಸ್ತಿಲ ಆಚೆ ಇದೆ ಅನ್ಸಿತು ನನಗೆ.”

ವೇಯ್ನ್ ಕನ್ನಡಕ ಜಾರಿಸಿದ. ಈ ಸಲ ತಮಾಷೆ ಮಾಡಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು. “ಕ್ರಿಸ್, ನೀನೂ ಹೋಗಿದ್ದೆಯಲ್ಲ. ಏನಂತೀಯ?”

ಎಲ್ಲರೂ ಅವಳ ಮುಖ ನೋಡಿದರು.

“ಪೆಟ್ಟಿಗೆ ನಾನೂ ನೋಡಿದೆ,” ಅಂದಳು.

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನಿಜವನ್ನೇ ಹೇಳಿ ಒಬ್ಬನ ಕುತ್ತಿಗೆ ಕುಯ್ಯಬಹುದೆಂದು ಅವಳಿಗೆ ಅವತ್ತು ಗೊತ್ತಾಯಿತು. ಕೈಗಳು ಮೇಲೆದ್ದವು, ಅವಳದೂ ಎದ್ದಿತು. ಎಲ್ಪಿಡಿಯೋಗೆ ಶಿಫಾರಸು ಬೇಡ ಎಂದಾಯಿತು. ಹೊರಗೆ ಬಂದಾಗ ವೇಯ್ನ್ ಅವಳ ಭುಜ ತಟ್ಟಿ, “ನಿನ್ನ ಜನ ಅಂತ ಪಕ್ಷಪಾತ ಮಾಡ್ಲಿಲ್ಲ ನೋಡು, ಭೇಷ್,” ಅಂದ. ಆ ತಟ್ಟಿದ ಜಾಗ ಮನೆ ಸೇರುವವರೆಗೂ ಉರಿಯುತ್ತಿತ್ತು.

ಇಂಥದ್ದನ್ನು ಅಂಚೆಯಲ್ಲಿ ತಿಳಿಸುವುದು ಹೇಡಿತನ ಎಂದು ವರ್ನಾಳ ಮತ. ಮುಖ ನೋಡಿ ಹೇಳಬೇಕೆಂದು ತಾನೇ ಎಲ್ಪಿಡಿಯೋನ ಕೆಲಸದ ಜಾಗಕ್ಕೆ ಹೋದಳು. ಮರುದಿನ ವೃದ್ಧಾಶ್ರಮದಲ್ಲಿದ್ದ ತನ್ನ ಅಕ್ಕನನ್ನು ನೋಡಲು ಬಂದವಳು ಅಡುಗೆಮನೆಗೂ ಇಣುಕಿದಳು. ಕ್ರಿಸಾಂತಾ ದೊಡ್ಡ ಪಾತ್ರೆಯಲ್ಲಿ ಬಟಾಣಿ ಸೂಪು ತಿರುಗಿಸುತ್ತಿದ್ದಳು.

“ನನಗೆ ಸಮಾಧಾನ ಆಯ್ತು ಕ್ರಿಸ್,” ಎಂದಳು ವರ್ನಾ. “ನಾವು ತಪ್ಪು ಮಾಡ್ಲಿಲ್ಲ. ಅವನೇ ಒಪ್ಕೊಂಡ.”

“ಏನನ್ನ ಒಪ್ಕೊಂಡ?”

“ಹೊರಡೋಕೆ ಕಟ್ಟುತ್ತಿದ್ದೆ ಅಂತ. ಮೊದಲು, ‘ಯಾವ ಪೆಟ್ಟಿಗೆ ಮೇಡಂ?’ ಅಂತ ನಗೋಕೆ ಶುರು ಮಾಡ್ದ. ಏನೋ ಹೇಳೋಕೆ ಹೊರಟಿದ್ದ. ನಾನೊಬ್ಬಳೇ ಅಲ್ಲಪ್ಪಾ, ಕ್ರಿಸ್ ಕೂಡ ನೋಡಿದೀನಿ ಅಂತ ಸಭೆಯಲ್ಲಿ ಹೇಳಿದ್ಲು ಅಂದೆ. ಸುಮ್ಮನಾದ. ಕೈ ಒರೆಸ್ಕೊಂಡ. ಆಮೇಲೆ, ‘ಹೌದು ಮೇಡಂ, ಊರಿಗೆ ಹೋಗೋಕೆ ಕಟ್ಟುತ್ತಿದ್ದೆ’ ಅಂದ. ಪ್ರಾಮಾಣಿಕ ಹುಡುಗ, ಅಷ್ಟು ಹೇಳಬೇಕು.”

ವರ್ನಾ ಹೊರಟುಹೋದಳು. ಸೂಪು ತಳ ಹಿಡಿಯಿತು. ವೃದ್ಧಾಶ್ರಮದವರು ಅವತ್ತು ಸೀದ ಸೂಪು ಕುಡಿದು ಗೊಣಗಿದರು, ಹದಿನೈದು ವರ್ಷದಲ್ಲಿ ಮೊದಲ ಸಲ.

ಕ್ರಿಸಾಂತಾಳಿಗೆ ಎಲ್ಲ ಅರ್ಥವಾಗಿತ್ತು. ಎಲ್ಪಿಡಿಯೋ ‘ಅದು ಕಳಿಸುವ ಪೆಟ್ಟಿಗೆ’ ಎಂದಿದ್ದರೆ ವರ್ನಾಳ ಮುಂದಿನ ಪ್ರಶ್ನೆ ಏನಿರುತ್ತಿತ್ತು? ಕ್ರಿಸ್‌ಗೆ ಅದು ಗೊತ್ತಿರಲಿಲ್ಲವಾ? ಹಿರಿಯಳನ್ನು ಪರರ ಮುಂದೆ ನಾಚಿಸುವುದು ಅವಳ ಜನಕ್ಕೆ ಕಳ್ಳತನಕ್ಕಿಂತ ದೊಡ್ಡ ಪಾಪ. ಆ ಪಾಪ ಬೇಡವೆಂದು ಅವನು ತನ್ನ ಹೆಂಡತಿ ಮಗಳ ದಾರಿಗೆ ತಾನೇ ಕಲ್ಲು ಎಳೆದಿದ್ದ. ಇವಳ ಮುಖ ಉಳಿಯಲಿ ಎಂದು.

ಪಾಳಿ ಮುಗಿದದ್ದೇ ಅವಳು ಯಂತ್ರದ ಕೊಟ್ಟಿಗೆಗೆ ಹೋದಳು. ಎಲ್ಪಿಡಿಯೋ ಒಂದು ಕೊಯ್ಲಿನ ಯಂತ್ರದ ಹೊಟ್ಟೆಯೊಳಗೆ ತಲೆ ಹಾಕಿದ್ದ. ಅವಳ ದನಿ ಕೇಳಿ ಹೊರಬಂದು, ಕೂರಲು ಒಂದು ಡಬ್ಬದ ಮೇಲೆ ಬಟ್ಟೆ ಹಾಸಿದ. ಅವಳು ಕೂರಲಿಲ್ಲ.

“ಯಾಕೋ ಹಾಗೆ ಹೇಳಿದೆ?”

“ಇನ್ನೇನು ಹೇಳ್ಲಿ ಮನಾಂಗ್? ನೀವೂ ನೋಡಿದ್ರಂತಲ್ಲ.”

“ನೋಡಿದೆ. ಅದೇನು ಅಂತ ನನಗೆ ಗೊತ್ತಿಲ್ವಾ?”

“ಗೊತ್ತಿದೆ ಅಂತ ನನಗೆ ಗೊತ್ತು,” ಎಂದ ಎಲ್ಪಿಡಿಯೋ. ದನಿಯಲ್ಲಿ ಸಿಟ್ಟಿರಲಿಲ್ಲ. “ನೀವು ಏನೋ ಯೋಚನೆ ಮಾಡೇ ಸುಮ್ಮನಿದ್ದಿರಬೇಕು ಅಂದ್ಕೊಂಡೆ. ನಾನು ಅಲ್ಲ ಅಂದ್ರೆ ಆ ಮೇಡಂ ನಿಮ್ಮ ಹತ್ರ ಬಂದು ಕೇಳ್ತಿದ್ರು. ನಾನು ಹೋಗೋನು ಮನಾಂಗ್. ನೀವು ಇಲ್ಲೇ ಇರೋರು. ಅವರ ಮುಖ ದಿನಾ ನೋಡೋರು ನೀವು.”

“ಜೊವಿತಾಗೆ ಏನು ಹೇಳಿದೆ?”

“ಈ ವರ್ಷ ಜಾಗ ತುಂಬಿತ್ತು ಅಂದೆ.” ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. “ಮಗಳು ಹಿಮದಲ್ಲಿ ಆಡೋಕೆ ಅಂತ ಕೆಂಪು ಬೂಟು ಕೇಳಿದ್ಲು. ಅಲ್ಲಿ ಅದನ್ನ ಹಾಕ್ಕೊಂಡು ಏನು ಮಾಡ್ತಾಳೆ.”

ಅವನು ಒಂದು ಬೈಗುಳ ಬೈದಿದ್ದರೆ ಅವಳು ಅದನ್ನು ಸೆರಗೊಡ್ಡಿ ತೆಗೆದುಕೊಳ್ಳುತ್ತಿದ್ದಳು. ಬೈಯಲಿಲ್ಲ. ಅವನ ಮುಂದೆ ನಿಲ್ಲಲಾಗದೆ, ಬಂದ ದಾರಿಯಲ್ಲೇ ಬಿರಬಿರನೆ ನಡೆದಳು.

ಮರುದಿನ ವರ್ನಾಳನ್ನು ಕಾಫಿಗೆ ಕರೆದಳು. ಕಾಫಿ ಕೊಡುವ ಮುಂಚೆಯೇ ಮೆಟ್ಟಿಲ ಕೆಳಗೆ ಕರೆದೊಯ್ದು ಹೂವಿನ ಹೊದಿಕೆ ಎಳೆದಳು. ಸೊಂಟದೆತ್ತರದ ಪೆಟ್ಟಿಗೆ, ಬಟ್ಟೆ, ಟವೆಲ್ಲು, ಟೂತ್‌ಪೇಸ್ಟು, ಡಬ್ಬಿಗಳು, ಮೇಲೊಂದು ಮುದುಕಿಯ ಚಪ್ಪಲಿ.

“ನೀನೂ ಹೊರಟಿದೀಯಾ ಕ್ರಿಸ್?” ಎಂದಳು ವರ್ನಾ, ಬೆಚ್ಚಿಬಿದ್ದು.

“ಹದಿನೈದು ವರ್ಷದಿಂದ ಹೀಗೇ ಹೊರಟಿದೀನಿ ಅಂದ್ಕೊಳ್ಳಿ,” ಎಂದು ಕ್ರಿಸಾಂತಾ ಎಲ್ಲ ಹೇಳಿದಳು. ಪೆಟ್ಟಿಗೆ ಯಾರಿಗೆ, ಯಾಕೆ, ಹೇಗೆ ತುಂಬುತ್ತದೆ, ಯಾವ ತಿಂಗಳು ಹಡಗಿಗೆ ಹೋಗುತ್ತದೆ. ಚಪ್ಪಲಿ ಅವಳ ತಾಯಿಗೆ.

ವರ್ನಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. “ಹಾಗಾದ್ರೆ ಅವತ್ತು ಕಾರಲ್ಲಿ ನಾನು ಕೇಳಿದಾಗ?”

“ಗೊತ್ತಿತ್ತು.”

“ಸಭೆಯಲ್ಲಿ?”

“ಆಗ್ಲೂ ಗೊತ್ತಿತ್ತು.”

“ಮತ್ತೆ ಅವನು ಯಾಕೆ ಹೌದು ಅಂದ?”

“ನನಗೋಸ್ಕರ.”

ಮುಂದಿನ ಪ್ರಶ್ನೆಯನ್ನು ವರ್ನಾ ಕೇಳಲಿಲ್ಲ. ಕೇಳಿದ್ದರೆ, ನನ್ನ ಕಿವಿ ಬಿಸಿಯಾಗಬಾರದೆಂದು ಒಂದು ಮನೆ ಮುರಿದೆ ಎಂದು ಕ್ರಿಸಾಂತಾ ಹೇಳಬೇಕಾಗುತ್ತಿತ್ತು. ಹೇಳಲು ತಯಾರಾಗಿಯೂ ಇದ್ದಳು. ವರ್ನಾ ಬಹಳ ಹೊತ್ತು ಆ ಚಪ್ಪಲಿಯನ್ನೇ ನೋಡಿ, “ಇನ್ನೊಂದು ಸಭೆ ಕರೆಸ್ತೀನಿ,” ಎಂದಳು. ಕಾಫಿ ಕುಡಿಯದೆ ಎದ್ದಳು.

ಸಭೆ ಸೇರಿತು. ಕ್ರಿಸಾಂತಾ ಓಲೆ ಹಾಕಿಕೊಳ್ಳದೆ ಬಂದಿದ್ದಳು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಳು: ನನಗೆ ಗೊತ್ತಿತ್ತು, ನಾನು ಮುಚ್ಚಿಟ್ಟೆ, ನನ್ನನ್ನ ಈ ಸಮಿತಿಯಿಂದ ತೆಗೀರಿ, ಅವನನ್ನ ಉಳಿಸ್ಕೊಳ್ಳಿ. ನಾಲ್ಕೇ ಮಾತು. ಅವಳು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ವರ್ನಾ ಎದ್ದು ನಿಂತಳು, ತರಗತಿಯಲ್ಲಿ ನಿಲ್ಲುವ ಹಾಗೆ.

“ತಪ್ಪು ನನ್ನದು,” ಎಂದಳು ವರ್ನಾ. “ಆ ಪೆಟ್ಟಿಗೆ ಊರಿನ ಮನೆಯವರಿಗೆ ಉಡುಗೊರೆ ಕಳಿಸೋದು. ಬಾಯಿಬಿಟ್ಟು ಕೇಳಿದ್ರೆ ಅವನೇ ಹೇಳ್ತಿದ್ದ. ಕೇಳ್ದೆ ನಾನೇ ತೀರ್ಮಾನ ಮಾಡ್ದೆ. ಆಮೇಲೆ ಹೋಗಿ ಅವನ ಬಾಯಿಂದ ಹೌದು ಅನ್ನಿಸ್ಕೊಂಡೆ. ಮುದುಕಿ ಮೇಷ್ಟ್ರಮ್ಮ ಬಂದು ಗದರಿದ್ರೆ ಯಾರು ತಾನೇ ಇಲ್ಲ ಅಂತಾರೆ. ಅವನ ಹೆಸರನ್ನ ಮತ್ತೆ ತಗೋಬೇಕು.”

ವರ್ನಾ ಅರ್ಧ ಮಾತ್ರ ಹೇಳಿ ಕೂತಳು. ಜೀವಮಾನದಲ್ಲಿ ಮೊದಲ ಬಾರಿ ಅವಳು ಏನನ್ನೋ ಮುಚ್ಚಿಟ್ಟಳು, ಅದೂ ಯಾರಿಗಾಗಿ?

“ಅಲ್ಲಮ್ಮಾ ವರ್ನಾ,” ಎಂದು ವೇಯ್ನ್ ನಕ್ಕ, “ನನಗೆ ಎರಡನೇ ಕ್ಲಾಸಲ್ಲಿ ತಪ್ಪು ಒಪ್ಕೋ ಅಂತ ಕಿವಿ ಹಿಂಡಿದ್ದೆ. ಈಗ ನಿನ್ನ ಕಿವಿ ಯಾರು ಹಿಂಡಬೇಕು?” ಎಲ್ಲರೂ ನಕ್ಕರು. ಆಮೇಲೆ ಅವನು ಈ ಕಡೆ ತಿರುಗಿದ. “ಕ್ರಿಸ್, ಪೆಟ್ಟಿಗೆ ವಿಷಯ ನಿಜಾನಾ? ಇನ್ನೇನಾದ್ರೂ ಹೇಳೋದಿದೆಯಾ?”

ನಾಲ್ಕು ಮಾತೂ ನಾಲಿಗೆಯ ತುದಿಯಲ್ಲೇ ಇದ್ದವು. ಕೋಣೆ ಬೆಚ್ಚಗಿತ್ತು, ಎಲ್ಲರ ಮುಖದಲ್ಲೂ ನಗು ಇನ್ನೂ ಆರಿರಲಿಲ್ಲ. ಎಲ್ಪಿಡಿಯೋನ ಕೆಲಸ ಹೇಗೂ ಆಯಿತಲ್ಲ, ಇನ್ನು ನಾನೊಬ್ಬಳು ಬೀದಿಗೆ ಬಿದ್ದು ಯಾರಿಗೇನು ಲಾಭ ಎಂದು ಒಳಗೊಂದು ದನಿ ಹೇಳಿತು. ಅಂಥ ದನಿ ಯಾವಾಗಲೂ ಬಹಳ ಬುದ್ಧಿವಂತಿಕೆಯಿಂದ ಮಾತಾಡುತ್ತದೆ.

“ನಿಜ,” ಎಂದಳು ಕ್ರಿಸಾಂತಾ. “ಬೇರೇನೂ ಇಲ್ಲ.”

ವರ್ನಾ ತಲೆ ಎತ್ತಿ ಒಮ್ಮೆ ಅವಳನ್ನು ನೋಡಿದಳು. ಅಷ್ಟೆ. ಆ ವರ್ಷದ ಪಾಲಿನಲ್ಲಿ ಇನ್ನೂ ಜಾಗವಿತ್ತು. ಎಲ್ಲ ಕೈಗಳೂ ಎದ್ದವು.

ಹೊರಗೆ ಹಿಮ ಬೀಳತೊಡಗಿತ್ತು. ಕಾರಿನ ಗಾಜು ಒರೆಸುತ್ತ ವರ್ನಾ ಅಂದಳು: “ನಿನ್ನನ್ನ ತೆಗೆದುಹಾಕಿದ್ರೆ, ಮುಂದಿನ ಸಲ ಅಂಥ ಪೆಟ್ಟಿಗೆ ಏನು ಅಂತ ಹೇಳೋರು ಈ ಊರಲ್ಲಿ ಯಾರಿರ್ತಾರೆ? ಅದಕ್ಕೆ ಹಾಗೆ ಮಾಡ್ದೆ. ನೀನೇ ಹೇಳ್ತೀಯ ಅಂದ್ಕೊಂಡಿದ್ದೆ, ನಾನು ಕೂತ ಮೇಲೆ.” ಕಾರು ಹೊರಟಿತು. ಅದಾದ ಮೇಲೆ ಇಬ್ಬರೂ ಎದುರಾದಾಗ ಹವೆಯ ಬಗ್ಗೆ ಮಾತಾಡುತ್ತಿದ್ದರು. ಕಾಫಿಗೆ ವರ್ನಾ ಮತ್ತೆ ಬರಲಿಲ್ಲ.

ಕಾಗದಗಳೆಲ್ಲ ಮುಗಿದು ಜೊವಿತಾ ಮಗಳೊಡನೆ ವಿಲ್ಬರ್ಟನ್‌ಗೆ ಬಂದಿಳಿದದ್ದು ಅದರ ಮಾರನೆಯ ವರ್ಷದ ಬೇಸಿಗೆಯಲ್ಲಿ. ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಸಭಾಂಗಣದಲ್ಲಿ ಊಟ. ಮೇಜಿನ ತುಂಬ ಅನ್ನ, ಹುರಿದ ಹಂದಿ, ಪಿನಕ್ಬೆತ್ ಎಂಬ ತರಕಾರಿ ಪಲ್ಯ, ಯಾರೋ ಬಚ್ಚಿಟ್ಟು ತಂದಿದ್ದ ಬಗೂಂಗ್ ಎಂಬ ಹುದುಗಿಸಿದ ಮೀನಿನ ಗೊಜ್ಜಿನ ಘಾಟು. ಜೊವಿತಾ ಗಟ್ಟಿ ಗಂಟಲಿನ, ದುಂಡು ಮುಖದ ಹೆಂಗಸು. ಕ್ರಿಸಾಂತಾಳನ್ನು ಕಂಡದ್ದೇ ಬಗ್ಗಿ ಅವಳ ಕೈ ಹಿಡಿದು ಹಣೆಗೆ ಒತ್ತಿಕೊಂಡಳು, ತಾಯಿಯ ಕೈಯನ್ನು ಒತ್ತಿಕೊಳ್ಳುವ ಹಾಗೆ. ಮಗಳಿಂದಲೂ ಒತ್ತಿಸಿದಳು.

“ಇವರಿಂದಲೇ ಕಣೇ ನಾವು ಇಲ್ಲಿರೋದು,” ಎಂದು ಮಗಳಿಗೆ ಹೇಳಿದಳು.

ಊರಿನ ಫಿಲಿಪಿನೋಗಳಲ್ಲಿ ಹಬ್ಬಿದ್ದ ಕತೆಯೇ ಅದು. ಸಮಿತಿಯವರು ಮೊದಲು ಬೇಡವೆಂದಿದ್ದರಂತೆ, ಮನಾಂಗ್ ಬಿಳಿಯರ ಜೊತೆ ಜಗಳವಾಡಿ ತೀರ್ಮಾನ ತಿರುಗಿಸಿದರಂತೆ. ಯಾರು ಕಟ್ಟಿದ ಕತೆಯೋ. ಎಲ್ಪಿಡಿಯೋ ಅದನ್ನು ಹೌದೆಂದೂ ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ. ಹೆಂಡತಿಗೂ ನಿಜ ಹೇಳಿರಲಿಲ್ಲವೆಂದು ಈಗ ಗೊತ್ತಾಯಿತು. ಆ ಕತೆಗೆ ಬಂದ ನಮಸ್ಕಾರ, ಕೇಕು, ಮೀನು ಎಲ್ಲವನ್ನೂ ಕ್ರಿಸಾಂತಾ ಎಂಟು ತಿಂಗಳಿಂದ ನುಂಗುತ್ತ ಬಂದಿದ್ದಳು. ಬಿಸಿತುಪ್ಪದ ಹಾಗೆ, ಉಗುಳಲೂ ಆಗದೆ. ಬೈಸಿಕೊಂಡಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು.

ಮೇಜಿನ ಆ ಬದಿಗೆ ಲುಡಿವಿನಾ ಎಂಬ ಯುವತಿ ಕೂತಿದ್ದಳು. ಮಾಂಸದಂಗಡಿಯಲ್ಲಿ ಕಸಾಯಿ ಕೆಲಸಕ್ಕೆ ಬಂದವಳು, ಒಳ್ಳೆ ಕೈ ಎಂದು ಹೆಸರಾಗಿತ್ತು. ಅವಳ ಮನೆಗೆ ಸಮಿತಿಯವರು ಟೀಗೆ ಬರುವ ದಿನ ಹತ್ತಿರವಾಗಿತ್ತು. ಬರುವ ಇಬ್ಬರಲ್ಲಿ ಕ್ರಿಸಾಂತಾ ಒಬ್ಬಳು.

“ನನಗೆ ಕೈಕಾಲು ನಡುಗ್ತಾ ಇದೆ ಮನಾಂಗ್,” ಎಂದಳು ಲುಡಿವಿನಾ. “ಏನು ಕೇಳ್ತಾರೋ, ಏನು ನೋಡ್ತಾರೋ.”

“ನೀನೇನೂ ಹೆದರಬೇಡ,” ಎಂದು ಜೊವಿತಾ ನಡುವೆ ಬಾಯಿ ಹಾಕಿದಳು. “ಮನಾಂಗ್ ಜೊತೆಗೇ ಬರ್ತಾರಲ್ಲ. ನೀನು ಸುಮ್ನೆ ಟೀ ಕೊಡು, ಮಿಕ್ಕಿದ್ದನ್ನ ಅವರು ನೋಡ್ಕೋತಾರೆ. ನಮ್ಮದನ್ನ ನೋಡ್ಕೊಳ್ಲಿಲ್ವಾ?”

ಎಲ್ಪಿಡಿಯೋ ಚಮಚ ಕೆಳಗಿಟ್ಟ. ಅಷ್ಟು ಹೊತ್ತು ತಟ್ಟೆ ನೋಡಿಕೊಂಡೇ ಉಣ್ಣುತ್ತಿದ್ದವನು ಈಗ ಲುಡಿವಿನಾಳ ಕಡೆ ತಿರುಗಿದ.

“ಲುಡಿ, ಅವರು ಬಂದಾಗ ಮನೇಲಿರೋದನ್ನೆಲ್ಲ ನೀನೇ ಬಾಯಿಬಿಟ್ಟು ಹೇಳು,” ಎಂದ. ದನಿ ಮೆತ್ತಗಿತ್ತು. “ಕೇಳ್ಲಿಲ್ಲ ಅಂದ್ರೂ ಹೇಳು. ನಿನ್ನ ಪರವಾಗಿ ಬೇರೆಯವರು ಹೇಳ್ತಾರೆ ಅಂತ ಕಾಯಬೇಡ.”

“ಇದೇನ್ರೀ ಇದು,” ಎಂದಳು ಜೊವಿತಾ, ಮುಜುಗರಪಟ್ಟು. “ಮನಾಂಗ್ ಎದುರಿಗೇ ಕೂತಿದಾರೆ.”

ಎಲ್ಲರೂ ಕ್ರಿಸಾಂತಾಳ ಕಡೆ ನೋಡಿದರು, ಅವಳು ಏನಾದರೂ ತಮಾಷೆ ಮಾಡಿ ಹಗುರ ಮಾಡುತ್ತಾಳೆಂದು. ಅವಳು ಚಮಚ ಬಿಟ್ಟು ಲೋಟ ಎತ್ತಿಕೊಂಡಳು. ನೀರು ಕುಡಿದಳು.

“ಅವನು ಹೇಳೋದು ಸರಿ,” ಎಂದಳು. “ನನ್ನ ನಂಬ್ಕೊಂಡು ಕೂರಬೇಡ ಲುಡಿ. ಹೇಳಬೇಕಾದಾಗ ನಾನು ಹೇಳೋದಿಲ್ಲ. ನಾನು ಅಂಥವಳು.”

ಜೊವಿತಾ ಗಟ್ಟಿಯಾಗಿ ನಕ್ಕಳು, ಅವಳ ಹಿಂದೆ ಇಡೀ ಮೇಜು ನಕ್ಕಿತು.

“ನೋಡಿ, ಇಷ್ಟೆಲ್ಲ ಮಾಡಿಯೂ ತಮ್ಮನ್ನ ಎಷ್ಟು ಸಣ್ಣವರು ಮಾಡ್ಕೊಂಡು ಮಾತಾಡ್ತಾರೆ,” ಎಂದು ಜೊವಿತಾ ಎದ್ದು ಬಂದು, ಬೇಡ ಬೇಡವೆಂದರೂ ಅವಳ ತಟ್ಟೆಗೆ ಇನ್ನಷ್ಟು ಅನ್ನ, ಹಂದಿಮಾಂಸದ ಒಳ್ಳೆಯ ಭಾಗವನ್ನೇ ಆರಿಸಿ ಬಡಿಸಿದಳು. ಎಲ್ಲರೂ ನೋಡುತ್ತಿದ್ದರು. ಕ್ರಿಸಾಂತಾ ತಿಂದಳು. ಎಲ್ಪಿಡಿಯೋ ಒಬ್ಬ ನಗಲಿಲ್ಲ.